ವಂದನಾರ್ಪಣೆಗೆ ಮುಂಚೆ

ನಮ್ಮ ಕನ್ನಡದ ಸಭೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಅಂದರೆ ಜನ ಅಧ್ಯಕ್ಷರ ಕಡೆ ಬೆರಳು ತೋರಿಸುತ್ತಾರೆ. ಶುದ್ಧ ಸುಳ್ಳು. ಅಧ್ಯಕ್ಷರು ತೂಕಡಿಸಿದರೂ ಸಭೆ ನಡೆಯುತ್ತದೆ. ಪ್ರಾರ್ಥನೆ ಹಾಡಿದ ಹುಡುಗಿಯರು ಆಗಲೇ ಹಿಂದಿನ ಸಾಲಿಗೆ ಹೋಗಿ ಕಿಸಿಕಿಸಿ ನಗುತ್ತಾ ಕೂತಿರುತ್ತಾರೆ. ವಂದನಾರ್ಪಣೆಯವರದ್ದು ಮಾತ್ರ ಕೊನೇತನಕ ಕಾಯುವ ಕರ್ಮ. ಜೇಬಿನಲ್ಲಿ ಚೀಟಿ, ಚೀಟಿಯಲ್ಲಿ ಮುಖ್ಯ ಅತಿಥಿಗಳಿಂದ ಹಿಡಿದು ಶಾಮಿಯಾನದವರ ತನಕ ಹೆಸರು. ಒಂದು ಬಿಟ್ಟುಹೋದರೂ ವರ್ಷವಿಡೀ ಮುನಿಸು.

ಈ ಸಲದ ಬಡಾವಣೆಯ ರಾಜ್ಯೋತ್ಸವದಲ್ಲಿ ಆ ಪಾಲು ಪಕ್ಕದ ಮನೆ ರಾಯರಿಗೆ ಬಂತು. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಜನ್ಮ ಸವೆಸಿದವರು, ಕಂತೆ ಕಂತೆ ನೋಟು ಎಣಿಸುವಾಗ ನಡುಗದ ಕೈ. ಅದೇ ಕೈಯಲ್ಲಿದ್ದ ಕಾಫಿ ಕಾಂಪೌಂಡ್ ಗೋಡೆ ಮೇಲೆ ತುಳುಕಿತು.

"ಎದೆ ಡವಡವ ಅಂತಿದೆ ಕಣ್ರೀ. ಬಾಯಿ ಒಣಗ್ತಿದೆ. ಟಾಯ್ಲೆಟ್ಟಿಗೆ ಆಗಲೇ ಎಷ್ಟು ಸಲ ಹೋದೆನೋ."

ಹೆದರಬೇಡಿ ಅನ್ನಲಿಲ್ಲ. ಅದರಷ್ಟು ಕೆಲಸಕ್ಕೆ ಬಾರದ ಮಾತು ಇನ್ನೊಂದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೆದರಿದವನಿಗೆ ಹೆದರಬೇಡ ಅಂದರೆ, ಹೆದರಿಕೆಯ ಮೇಲೆ ಹೆದರಿದ್ದಕ್ಕೆ ನಾಚಿಕೆಯೂ ಸೇರಿಕೊಳ್ಳುತ್ತದೆ, ಅಷ್ಟೆ.

"ಅದು ಅಡ್ರಿನಲಿನ್ ರಾಯರೇ. ಮೂತ್ರಪಿಂಡದ ಮೇಲೆ ಕೂತ ಪುಟ್ಟ ಗ್ರಂಥಿಯ ಚೇಷ್ಟೆ. ಮದುವೆಮನೇಲಿ ಹಿಂದಿನ ರಾತ್ರಿ ನಡಿಯತ್ತಲ್ಲ, ಅಂಥಾ ಗಡಿಬಿಡಿ ಈಗ ನಿಮ್ಮ ಮೈಯೊಳಗೆ. ಕೈಕಾಲಿಗೆ ರಕ್ತ ಜಾಸ್ತಿ ಬೇಕು, ಅದಕ್ಕೆ ಎದೆ ಬಡ್ಕೊಳತ್ತೆ. ಜೀರ್ಣ ಆಮೇಲೆ ನೋಡ್ಕೊಂಡ್ರಾಯ್ತು ಅಂತ ಹೊಟ್ಟೆ ಕೆಲಸ ನಿಲ್ಸತ್ತೆ. ಎದುರಿಗಿರೋದು ಹುಲಿಯೋ ಮೈಕೋ ಅಂತ ಅದಕ್ಕೇನು ಗೊತ್ತು?"

"ನನಗೊಬ್ಬನಿಗೇನಾ ಹಿಂಗೆ?"

ಸಚಿನ್ ತೆಂಡೂಲ್ಕರ್ ಹೆಸರು ತೆಗೆದೆ. ಹತ್ತು ಹನ್ನೆರಡು ವರ್ಷ ಪಂದ್ಯದ ಹಿಂದಿನ ರಾತ್ರಿಗಳಲ್ಲಿ ಕಳವಳಪಟ್ಟೆ, ನಿದ್ದೆ ಬರುತ್ತಿರಲಿಲ್ಲ ಅಂತ 2021ರಲ್ಲಿ ಅವರೇ ಹೇಳಿಕೊಂಡರು. 2003ರ ವಿಶ್ವಕಪ್‌ನಲ್ಲಿ, ಸೆಂಚುರಿಯನ್ ಮೈದಾನದಲ್ಲಿ, ಪಾಕಿಸ್ತಾನದ ಮೇಲೆ 75 ಚೆಂಡಿಗೆ 98 ಹೊಡೆದ ಮನುಷ್ಯ! ಬರಬರುತ್ತಾ ಅವರು ನಿದ್ದೆಯ ಜೊತೆ ಗುದ್ದಾಡುವುದನ್ನೇ ಬಿಟ್ಟರಂತೆ. ಇದೂ ನನ್ನ ತಯಾರಿಯ ಒಂದು ಭಾಗ ಅಂದುಕೊಂಡು ಚಹಾ ಮಾಡಿದರು, ಬಟ್ಟೆಗೆ ಇಸ್ತ್ರಿ ಹಾಕಿದರು, ಬ್ಯಾಗನ್ನು ಹಿಂದಿನ ದಿನವೇ ತುಂಬಿಟ್ಟರು.

"ಇಸ್ತ್ರೀನಾ? ಸಚಿನ್ನಾ?"

ಕೈಗೆ ಕೆಲಸ ಕೊಟ್ಟು ಹೆದರಿಕೆ ಮರೆಯುವ ಈ ಗುಟ್ಟು ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಯಕ್ಷಗಾನದ ಚೌಕಿಗೆ ಹೋಗಿ ನೋಡಬೇಕು. ರಂಗಕ್ಕೆ ಹೋಗಿ ಏನು ಮಾತಾಡಬೇಕು ಅಂತ ಬರೆದಿಟ್ಟದ್ದು ಇರುವುದಿಲ್ಲ, ಅರ್ಥ ಅಲ್ಲೇ ಹುಟ್ಟಬೇಕು, ಎದುರಿನ ವೇಷ ಎಂಥಾ ಪ್ರಶ್ನೆ ಎಸೆದೀತೋ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ತೆಂಕುತಿಟ್ಟಿನ ಬಣ್ಣದ ವೇಷದವರು ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು, ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಹೊರಗೆ ಚೆಂಡೆ ಬಡಿಯುತ್ತಿರುತ್ತದೆ. ಬೇರೆಯವರ ಕೈಗೆ ಮುಖ ಕೊಟ್ಟು ಸುಮ್ಮನೆ ಕೂರುವ ಪದ್ಧತಿಯಿಲ್ಲ. ಅವರವರ ಬಣ್ಣ ಅವರವರೇ ಬರೆದುಕೊಳ್ಳಬೇಕು. ಒಂದು ಚುಕ್ಕಿ ಸೊಟ್ಟಗಾದರೆ ಕೆಟ್ಟಿತು. ಹೆದರುವುದಕ್ಕೆ ಪುರುಸೊತ್ತೆಲ್ಲಿ?

"ನಾನೇನು ಬಣ್ಣ ಹಚ್ಕೊಂಡು ವಂದನೆ ಹೇಳ್ಲಾ?" ರಾಯರಿಗೆ ಸ್ವಲ್ಪ ನಗು ಬಂತು.

ಅದೇ ಸಮಯ ಅಂತ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಅವರ ಪ್ರಯೋಗ ಹೇಳಿದೆ. 2014ರಲ್ಲಿ ಪ್ರಕಟವಾದದ್ದು. ಆಕೆ ಜನರನ್ನು ಕರೋಕೆ ಹಾಡಲು, ಭಾಷಣ ಮಾಡಲು, ಲೆಕ್ಕ ಬಿಡಿಸಲು ಹಚ್ಚಿ ನೋಡಿದರು. ಅದಕ್ಕೆ ಮುಂಚೆ ಉತ್ಸಾಹ ಉಕ್ಕುತ್ತಿದೆ ಅಂತ ತಮಗೆ ತಾವೇ ಹೇಳಿಕೊಂಡವರು, ಸಮಾಧಾನವಾಗಿದ್ದೇನೆ ಅಂತ ಹೇಳಿಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಇದು ನನಗೆ ಒಪ್ಪಿತವಾದ ಮಾತು. ಡವಗುಟ್ಟುವ ಎದೆಗೆ ತಣ್ಣಗಿದ್ದೇನೆ ಅಂತ ಸುಳ್ಳು ಹೇಳಿದರೆ ಅದು ನಂಬೀತೇ? ಹುರುಪು ಅಂದರೆ ನಂಬಬಹುದು, ಎರಡರಲ್ಲೂ ಎದೆ ಬಡಿತ ಒಂದೇ.

"ಹುರುಪು ಅಂತ ಈ ವಯಸ್ಸಲ್ಲಿ ಜೋರಾಗಿ ಹೇಳ್ಕೊಂಡ್ರೆ ಒಳಗಿರೋರು ಏನಂದುಕೋತಾರೆ?"

"ಮನಸ್ಸಲ್ಲೇ ಹೇಳ್ಕೊಳಿ. ನೀವು ದಿನಾ ಸಂಧ್ಯಾವಂದನೆ ಮಾಡೋರು, ಪ್ರಾಣಾಯಾಮ ನಾನು ಹೇಳ್ಕೊಡ್ಬೇಕಾ? ರೇಚಕ ಉದ್ದ ಮಾಡಿ, ಅಷ್ಟೇ. ಉಸಿರು ಹೊರಗೆ ಬಿಡೋವಾಗ ಎದೆ ಬಡಿತ ನಿಧಾನ ಆಗತ್ತೆ."

ದಿನಬೆಳಗಾದರೆ ಕಾರಣವಿಲ್ಲದೆ ಎದೆ ನಡುಗುವವರ ಕಥೆ ಬೇರೆ. ಅಂಥವರು ನನ್ನಂಥ ಕಾಂಪೌಂಡ್ ವೈದ್ಯನನ್ನು ನಂಬದೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡುವುದು ಮೇಲು. ರಾಯರದ್ದು ಬರೀ ಮೈಕಿನ ಕಾಯಿಲೆ.

"ಅಲ್ಲ, ಮೈಕ್ ಮುಂದೆ ನಿಂತಾಗ ಮೊದಲನೇ ಮಾತೇ ಹೊರಡದಿದ್ರೆ?"

"ಮೊದಲನೇ ವಾಕ್ಯ ಒಂದನ್ನ ಬಾಯಿಪಾಠ ಮಾಡಿ, ಅದೂ ಮನೇಲಿ ನಿಂತ್ಕೊಂಡು, ಜೋರಾಗಿ. ಮಿಕ್ಕಿದ್ದನ್ನ ಚೀಟಿ ಹಿಡ್ಕೊಂಡೇ ಓದಿ. ಆ ಹೊತ್ತಿಗೆ ಜನರ ಕಣ್ಣು ನಿಮ್ಮ ಮೇಲಿರಲ್ಲ, ಉಪ್ಪಿಟ್ಟಿನ ಪಾತ್ರೆ ಮೇಲಿರತ್ತೆ."

ರಾಯರು ಉಳಿದ ಕಾಫಿ ಗುಟುಕರಿಸಿ ಬಾಗಿಲ ತನಕ ಹೋದರು. ಮತ್ತೆ ತಿರುಗಿ ಬಂದರು.

"ನಿಮ್ಮ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಕೊಡ್ತೀರಾ? ನಮ್ಮದು ದೀಪಾವಳಿಗೆ ಮುಂಚೆನೇ ಸುಟ್ಟುಹೋಯ್ತು. ನಾಲ್ಕು ಜುಬ್ಬಾ ಇದೆ, ಎಲ್ಲಕ್ಕೂ ಹಾಕ್ಬಿಡ್ತೀನಿ."