ಮಾಲೀಶಿಗೆ ಮಾರ್ಕ್ಸ್ ಕಾರ್ಡ್

(ಅರಭಾವಿಯ ಗರಡಿಮನಿ ಕಟ್ಟಿ. ಮಗಳ ಕಡೆ ಕೆನಡಾಕ್ಕ ಹೊಂಟ ವಸ್ತಾದ ಕಾಕಾ. ಎದುರಿಗೆ ಮೊಬೈಲ್ ಹಿಡಕೊಂಡ ಅಣ್ಣನ ಮಗ.)

— ಕಾಕಾ, ಅಲ್ಲಿ ಒಂಟಾರಿಯೋ ಪ್ರಾಂತ್ಯದಾಗ 'ಮಸಾಜ್ ಥೆರಪಿಸ್ಟ್' ಅನಿಸಿಕೊಳ್ಳಾಕೂ ಲೈಸೆನ್ಸ್ ಬೇಕ್ರಿ. 1919ರಿಂದಲೇ ಕಾಯ್ದೆ ಐತಿ.

— ಗರಡಿ ಮಣ್ಣಿನಾಗ ಬೆಳದಾಂವ ಅಂತ ಬರಕೋ.

— ಮಣ್ಣಿಗೆ ಕಾಲಮ್ ಇಲ್ರಿ. ಎಲ್ಲಿ ಕಲತ್ರಿ, ಯಾವ ವಿಷಯ, ಎಷ್ಟು ತಾಸು? ಕಾಗದ ಬೇಕು.

— ನಮ್ಮಪ್ಪ ಕಲಿಸಿದ. ಅಂವಾ ಸತ್ತು ಇಪ್ಪತ್ತು ವರ್ಷಾತು. ಸೀಲ್ ಯಾರು ಹೊಡೀಬೇಕು?

— ಮ್ಯಾಲೆ ಪರೀಕ್ಷಾ ಬ್ಯಾರೆ. ಬರಿಯೋದು ಒಂದು, ಮಾಡಿ ತೋರಸೋದು ಒಂದು.

— ಮಾಡಿ ತೋರಸೋದು ನಾಳೆ ಇಡು ಅನ್ನು. ಬರಿಯಾಕ ನೀ ಕುಂಡ್ರು.

— ನ್ಯೂಯಾರ್ಕಿನಾಗ ಅಂತೂ 1000 ತಾಸು ಪಾಠ ಆಗಿರಬೇಕು.

— ಅಷ್ಟು ತಾಸು ಒಬ್ಬ ಪೈಲ್ವಾನನ ಬೆನ್ನಿಗೇ ಹೋಗ್ಯಾವು.

— ಆದ್ರ ಕೆನಡಾದ್ದೇ ಆಲ್ಬರ್ಟಾ ಪ್ರಾಂತ್ಯದಾಗ ಪ್ರಾಂತ್ಯ ಸರಕಾರದ ಲೈಸೆನ್ಸ್ ಇಲ್ಲ. ಬಾಜೂಕಿನ ಬ್ರಿಟಿಷ್ ಕೊಲಂಬಿಯಾದಾಗ ಐತಿ.

— ಅಂದ್ರ ಗುಡ್ಡ ದಾಟಿದ ಕೂಡಲೇ ನನ್ನ ಕೈ ವಿದ್ಯಾ ಮರೀತಾವನು?

(ಈ ಪ್ರಶ್ನೆಗೆ ಕೆನಡಾದವರೂ ತಲಿ ಕೆರಕೊಂಡಾರು.)

— ಆಲ್ಬರ್ಟಾದಾಗೂ ವಿಮಾ ಕಂಪನಿ ರೊಕ್ಕ ಕೊಡಬೇಕಂದ್ರ ಸಂಘದ ಮೆಂಬರ್ ಆಗಿರಬೇಕ್ರಿ.

— ನಮ್ಮಲ್ಲೆ?

— ನಮ್ಮಲ್ಲೆ ಯಾರು ಕೇಳತಾರ? ಬೋರ್ಡ್ ಹಚ್ಚಿದ್ರ ಸಾಕು.

— ಖರೇ. ಬಸ್ ಸ್ಟ್ಯಾಂಡ್ ಹಂತ್ಯಾಕ ಒಬ್ಬ ಹುಡುಗ ಹಚ್ಚ್ಯಾನ. ಅಂವಾ ತಿಕ್ಕಿದವರೆಲ್ಲಾ ಕುಂಟಕೋತ ನನ್ನ ಕಡೆ ಬರತಾರ. ಆದ್ರ ಗ್ವಾಡಿಗೆ ಕಟ್ಟು ಹಾಕಿದ ಸರ್ಟಿಫಿಕೇಟ್ ಐತಿ ನೋಡಪಾ!

— ಎಲ್ಲಿ ಸಿಗತೈತಿ ಕೇಳಬೇಕಿತ್ತು ಕಾಕಾ.

— ಕೇಳಿದೆ. 'ಫೀ ತುಂಬ್ರಿ, ನಾನೇ ಕಲಿಸಿ ಕೊಡತೀನಿ' ಅಂದ.