ದೀಡ್ ತಾಸಿನ ಮನುಷ್ಯ

ಬೇಮಳಖೇಡದ ಚಾ ಅಂಗಡಿಯ ಬೆಂಚಿನ ಮೇಲೆ ಕೂತವನ ಎಡಗೈಯಲ್ಲಿ ಅಂಗಿಯ ತೋಳಿನ ಗುಂಡಿ ಹಾಕಲೂ ಬಿಡದಷ್ಟು ದಪ್ಪನೆಯ ಕಪ್ಪು ವಾಚೊಂದು ಕಂಡರೆ ಟೈಮ್ ಎಷ್ಟಾಯ್ತೆಂದು ಕೇಳಿ ನೋಡಿ. ಉತ್ತರ ನೇರವಾಗಿ ಬರುವುದಿಲ್ಲ. ಮೊದಲು ಮೊಣಕೈ ಮಡಚುತ್ತದೆ, ವಾಚು ಎದೆಯ ಎತ್ತರಕ್ಕೆ ಏರುತ್ತದೆ, ನಾಲ್ಕು ಗುಂಡಿಗಳಲ್ಲಿ ಒಂದು ಕುಂಯ್ ಎನ್ನುತ್ತದೆ, ಆಮೇಲೆ ಮರುಪ್ರಶ್ನೆ: "ಎಲ್ಲಿದ್ ಹೇಳ್ಲಿ ಮಾಮಾ, ಇಲ್ಲಿದಾ, ದುಬೈದಾ?" ಕೇಳಿದವನು ಚಿಟಗುಪ್ಪಾ ಬಸ್ಸಿಗೆ ಕಾಯುತ್ತಿರುವವನು, ದುಬೈಯ ಟೈಮು ತಗೊಂಡು ಅವನೇನು ಮಾಡಬೇಕು? ಆದರೂ ಎರಡನ್ನೂ ಕೇಳಿಸಿಕೊಂಡೇ ಏಳುತ್ತಾನೆ. ಹುಮನಾಬಾದ್, ಬಸವಕಲ್ಯಾಣದ ಸುತ್ತಿನ ಹಳ್ಳಿಗಳಲ್ಲಿ ಗಲ್ಫಿಗೆ ಹೋಗಿ ಬಂದ ಈ ಮನುಷ್ಯ ಎಲ್ಲರಿಗೂ ಗೊತ್ತು, ಅವನ ಬಗ್ಗೆ ಊರಿನ ತೀರ್ಪೂ ಗೊತ್ತು: ಡೌಲು. ಈ ತೀರ್ಪು ಅರ್ಧ ತಪ್ಪು ಎಂಬುದು ನನ್ನ ವಾದ. ವಾಚಿನಲ್ಲಿ ಡೌಲಿಲ್ಲ. ಡೌಲು ಇರುವುದು ಬೇರೆ ಕಡೆ, ಅದನ್ನು ಹಿಡಿಯಬೇಕಾದರೆ ವಾಚನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಡೌಲು ಮಾಡಬೇಕೆಂದವನು ಬಂಗಾರದ ಬಣ್ಣದ ವಾಚು ತರುತ್ತಾನೆ. ದುಬೈಯಲ್ಲಿ ಅದಕ್ಕೇನೂ ಬರವಿಲ್ಲ. ಇವನು ತಂದದ್ದು ರಾಳದ ಪಟ್ಟಿಯ, ಕೆಲಸಗಾರನ ವಾಚು. ಈ ಜಾತಿಯ ವಾಚಿಗೆ ಮೂಲಪುರುಷ ಕ್ಯಾಸಿಯೋ ಕಂಪನಿಯ ಇಂಜಿನಿಯರ್ ಕಿಕುವೊ ಇಬೆ. ಅಪ್ಪ ಕೊಟ್ಟ ವಾಚು ಕೆಳಗೆ ಬಿದ್ದು ಒಡೆದುಹೋದದ್ದೇ ಕಾರಣವಾಗಿ, ಬಿದ್ದರೂ ಒಡೆಯದ ವಾಚು ಮಾಡುತ್ತೇನೆಂದು ಹಟ ಹಿಡಿದು, 1983ರಲ್ಲಿ ಜಿ-ಶಾಕ್‌ನ ಮೊದಲ ಮಾಡೆಲನ್ನು ಹೊರತಂದ. ಅವನು ಇಟ್ಟುಕೊಂಡ ಗುರಿ ಮೂರು ಹತ್ತು: ಹತ್ತು ಮೀಟರ್ ಮೇಲಿಂದ ಬಿದ್ದರೂ ನಡೆಯಬೇಕು, ಹತ್ತು ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ ಹತ್ತು ವರ್ಷ ಬಾಳಬೇಕು. ಈಗಿನವುಗಳ ಮೇಲೆ 200 ಮೀಟರ್ ಎಂದು ಬರೆದಿರುತ್ತದೆ. ನಮ್ಮ ಕಡೆ ಅಷ್ಟು ಆಳಕ್ಕೆ ಬೋರು ಕೊರೆಸಿದರೂ ನೀರು ಬೀಳುವ ಗ್ಯಾರಂಟಿ ಇಲ್ಲವಾದ್ದರಿಂದ ಆ ಗುಣವನ್ನು ಊರಲ್ಲಿ ಪರೀಕ್ಷಿಸಿದವರಿಲ್ಲ. ಆದರೆ ವಾಚು ಕೆಲಸ ಮಾಡಿದ್ದು ಇಲ್ಲಲ್ಲವಲ್ಲ. ಮರಳು, ಬೆವರು, ಸಿಮೆಂಟಿನ ಧೂಳು, ಕಬ್ಬಿಣದ ಸಾರದ ಮೇಲೆ ತಾಗುವ ಮಣಿಕಟ್ಟು, ಇವೆಲ್ಲ ಅದರ ನಿಜವಾದ ಊರು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನಿದೆ. ಅಲ್ಲಿಯ 12.30 ಎಂದರೆ ಇಲ್ಲಿಯ 2. ನೆರಳಿಗೆ ಬಂದ ಮನುಷ್ಯ ವಾಚಿನಲ್ಲಿ ಅಲ್ಲಿಯ ಟೈಮಿನ ದೊಡ್ಡ ಅಂಕಿ ನೋಡಿ ಹೆಲ್ಮೆಟ್ ತೆಗೆಯುತ್ತಾನೆ, ಊರಿನ ಟೈಮಿನ ಸಣ್ಣ ಅಂಕಿ ನೋಡಿ ಮನೆಯಲ್ಲಿ ಊಟ ಮುಗಿದಿರಬೇಕು ಅಂದುಕೊಂಡು ಬೋಟಿಮ್ ಆ್ಯಪ್ ತೆರೆಯುತ್ತಾನೆ. (ಅಲ್ಲಿ ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತದೆ, ಕಾಲ್ ಹೋಗುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಅವ್ವಂದಿರ ಫೋನಿನಲ್ಲಿ ಬೇರೇನಿಲ್ಲದಿದ್ದರೂ ಬೋಟಿಮ್ ಇರುತ್ತದೆ.) ಈ ಎರಡು ಅಂಕಿಗಳಲ್ಲಿ ಡೌಲು ಎಲ್ಲಿ ಬಂತು?

ಇನ್ನೊಂದು ಸಾಕ್ಷಿ ಸ್ವಲ್ಪ ತಾಂತ್ರಿಕ, ಆದರೆ ನನಗೆ ಬಹಳ ಇಷ್ಟವಾದದ್ದು. ಎರಡು ದೇಶದ ಟೈಮು ತೋರಿಸುವ ಶ್ರೀಮಂತರ ವಾಚೆಂದರೆ ರೋಲೆಕ್ಸ್‌ನ ಜಿಎಂಟಿ-ಮಾಸ್ಟರ್. 1950ರ ದಶಕದಲ್ಲಿ ಪ್ಯಾನ್ ಆಮ್ ವಿಮಾನಗಳ ಪೈಲಟ್‌ಗಳಿಗೆಂದು ಬಂದದ್ದು. ಅದರಲ್ಲಿ ಎರಡನೆಯ ದೇಶಕ್ಕೊಂದು ತಾಸಿನ ಮುಳ್ಳು ಹೆಚ್ಚಿಗೆ ಇರುತ್ತದೆ, ನಿಮಿಷದ ಮುಳ್ಳು ಮಾತ್ರ ಎರಡಕ್ಕೂ ಸೇರಿ ಒಂದೇ. ನ್ಯೂಯಾರ್ಕಿಗೂ ಲಂಡನ್ನಿಗೂ ಅದು ಸಾಕು, ನಡುವಿನ ವ್ಯತ್ಯಾಸ ಇಡೀ ತಾಸುಗಳಲ್ಲೇ ಇರುವುದರಿಂದ. ನಮ್ಮ ದೇಶವೋ 1906ರಿಂದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶವನ್ನು ಹಿಡಿದು ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ ನಿಂತಿದೆ. ದುಬೈ, ಮಸ್ಕತ್ ನಾಲ್ಕು ತಾಸು ಮುಂದೆ. ರಿಯಾಧ್, ದೋಹಾ, ಕುವೈತ್ ಮೂರು. ಎಲ್ಲಿಂದ ಲೆಕ್ಕ ಹಾಕಿದರೂ ನಮ್ಮವರ ಪಾಲಿಗೆ ಅರ್ಧ ತಾಸು ಬಾಲ ಹಿಡಿದೇ ಬರುತ್ತದೆ. ಲಕ್ಷಗಟ್ಟಲೆ ಬೆಲೆಯ ಆ ವಾಚು ಕಟ್ಟಿಕೊಂಡರೂ ಬೇಮಳಖೇಡದ ನಿಮಿಷವನ್ನು ಮನಸ್ಸಿನಲ್ಲೇ ಕೂಡಿಸಬೇಕು. ರಾಳದ ಪಟ್ಟಿಯ ಡಿಜಿಟಲ್ ವಾಚು ಇದನ್ನು ತಕರಾರಿಲ್ಲದೆ ತೋರಿಸುತ್ತದೆ, ಕಠ್ಮಂಡುವಿನ ಮುಕ್ಕಾಲು ತಾಸನ್ನೂ ಬಿಡುವುದಿಲ್ಲ. ಒಂದೇ ಕೊರತೆ: ಊರುಗಳ ಪಟ್ಟಿಯಲ್ಲಿ ನಮ್ಮ ಪಾಲಿಗಿರುವುದು ಡಿಇಎಲ್ ಎಂಬ ಮೂರಕ್ಷರ, ಅಂದರೆ ದಿಲ್ಲಿ. ದಿಲ್ಲಿ ಕಣ್ಣಿಂದ ನೋಡದವನ ಕೈಯಲ್ಲೂ ಮನೆ ಎಂದರೆ ಡಿಇಎಲ್.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಯಂತ್ರ ಯಾಕೆ ಬೇಕು, ಮನೆಯಲ್ಲಿ ಕೂತ ಹೆಂಗಸರು ವಾಚಿಲ್ಲದೆಯೇ ಲೆಕ್ಕ ಹೇಳುತ್ತಾರಲ್ಲ? ನಿಜ, ಹೇಳುತ್ತಾರೆ. ಮಗ ದುಬೈಯಲ್ಲಿದ್ದರೆ ದೀಡ್ (ಒಂದೂವರೆ) ತಾಸು ಕಳಿ, ಸೌದಿಯಲ್ಲಿದ್ದರೆ ಅಡೀಚ್ (ಎರಡೂವರೆ) ತಾಸು. "ಈಗ ಹಚ್ಚಬ್ಯಾಡ, ಅಲ್ಲಿ ಇನ್ನಾ ಡ್ಯೂಟಿ ಬಿಟ್ಟಿಲ್ಲ" ಎನ್ನುವ ತಾಯಿ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸುವುದೂ ಇಲ್ಲ. ಇದು ಹೊಸ ವಿದ್ಯೆಯೂ ಅಲ್ಲ. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಸರ್ಕಾರಿ ಕಾಗದಗಳ ಮೇಲೆ ಫಸಲಿ ವರ್ಷ, ಆಜೂರ್, ದೈ, ಬಹಮನ್ ಎಂದು ಪಾರಸಿ ತಿಂಗಳು. ಹಬ್ಬಕ್ಕೆ ಪಂಚಾಂಗ, ಮೊಹರಮ್ಮಿಗೆ ಹಿಜರಿ. ಹೊಲದ ಹಳೆಯ ಕಾಗದ ಬಿಚ್ಚಿದವರು ಇವತ್ತಿಗೂ ಫಸಲಿಗೆ 590 ಕೂಡಿಸಿ ಇಸವಿ ತೆಗೆಯುತ್ತಾರೆ. ಅಷ್ಟು ಕೂಡಿಸಿದ ಮನೆತನಕ್ಕೆ ದೀಡ್ ತಾಸು ಯಾವ ಲೆಕ್ಕ? ಹಾಗಾಗಿ ಆಕ್ಷೇಪವನ್ನು ಒಪ್ಪುತ್ತೇನೆ: ಲೆಕ್ಕಕ್ಕಾಗಿ ಈ ವಾಚು ಬೇಡ. ಆದರೆ ಅಲ್ಲಿರುವವನಿಗೆ ಬೇಕಾದದ್ದು ಲೆಕ್ಕವಲ್ಲ, ಲೆಕ್ಕ ಹಾಕುವ ತ್ರಾಣವೂ ಇಲ್ಲದ ಹೊತ್ತಿನಲ್ಲಿ ಮನೆಯ ಟೈಮು ತಾನಾಗಿ ಕಣ್ಣಿಗೆ ಬೀಳುವುದು. ಹತ್ತು ತಾಸು ಸಾರದ ಮೇಲೆ ನಿಂತು ಬಂದವನಿಗೆ ಮೂವತ್ತು ನಿಮಿಷ ಕೂಡಿಸುವುದೂ ಭಾರವೇ.

ಹಾಗಾದರೆ ಡೌಲು ಎಲ್ಲಿ? ವಾಚಿನ ಮುಖದಲ್ಲೇ ಇದೆ, ಓದಲು ಬರಬೇಕು. ಇಂಥ ವಾಚುಗಳಲ್ಲಿ ಒಂದು ಟೈಮು ದೊಡ್ಡ ಅಂಕಿಯಲ್ಲಿ, ಇನ್ನೊಂದು ಮೂಲೆಯ ಸಣ್ಣ ಅಂಕಿಯಲ್ಲಿ ಇರುತ್ತದೆ. ಹಲವು ಮಾಡೆಲ್‌ಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಎರಡೂ ಅದಲುಬದಲಾಗುತ್ತವೆ. ಅಲ್ಲಿರುವಾಗ ದುಬೈ ದೊಡ್ಡದು, ದಿಲ್ಲಿ ಸಣ್ಣದು; ಅದು ನ್ಯಾಯ. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು, ಹೈದರಾಬಾದಿನಿಂದ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟುವ ಹೊತ್ತಿಗಾದರೂ ಅದಲುಬದಲಾಗಬೇಕಲ್ಲವೆ? ಆಗುವುದಿಲ್ಲ. ಎರಡು ತಿಂಗಳು ಛುಟ್ಟಿಗೆ ಬಂದವನಿಗೆ ಒಂದು ಸಬೂಬು ಇದೆ, ಇನ್ನೆರಡು ತಿಂಗಳಲ್ಲಿ ಮತ್ತೆ ತಿರುಗಿಸುವುದು ಯಾಕೆಂದು. ನಮ್ಮ ವ್ಯಕ್ತಿ ಅವನಲ್ಲ. ನಮ್ಮವನು ವೀಸಾ ಕ್ಯಾನ್ಸಲ್ ಮಾಡಿಸಿ, ಪೆಟ್ಟಿಗೆ ಕಟ್ಟಿ, ಫೈನಲ್ ಎಕ್ಸಿಟ್ ತಗೊಂಡು ಬಂದವನು. ಮನುಷ್ಯನಿಗೆ ಎಕ್ಸಿಟ್ ಆಗಿದೆ, ವಾಚಿಗೆ ಆಗಿಲ್ಲ. ಸೋಯಾ ರಾಶಿ ಮಾಡಿಸುತ್ತ ನಿಂತಿದ್ದರೂ ಅವನ ಮಣಿಕಟ್ಟಿನ ಮೇಲೆ ದೊಡ್ಡ ಅಂಕಿಯಲ್ಲಿ ದುಬೈ ನಡೆಯುತ್ತಿರುತ್ತದೆ. ಬೇಮಳಖೇಡ ಮೂಲೆಯಲ್ಲಿ, ಡಿಇಎಲ್ ಎಂಬ ಕಳ್ಳಹೆಸರಿನಲ್ಲಿ, ಕನ್ನಡಕ ಹಾಕಿದರೆ ಮಾತ್ರ ಕಾಣುವಷ್ಟು. ಡೌಲು ಅಂದರೆ ಇದು. ಕೆಲಸದ ವಾಚಿಗೆ ಕೆಲಸ ತಪ್ಪಿದ ದಿನದಿಂದ ಡೌಲಿನ ಕೆಲಸ ಸಿಕ್ಕಿತು. ಬ್ಯಾಟರಿ ಬೇರೆ ಹತ್ತು ವರ್ಷದ್ದು, ವೀಸಾ ಎರಡು ವರ್ಷದ್ದು. ಕಿಕುವೊ ಇಬೆ ಈ ಕಡೆ ಯೋಚನೆ ಮಾಡಿರಲಿಕ್ಕಿಲ್ಲ.

ಮಾತಿಗೂ ಇದೇ ರೋಗ ಅಂಟುತ್ತದೆ. ಕರೆಂಟು ಹೋದರೆ "ಅಲ್ಲಿ ಹದಿನೈದ್ ವರ್ಷದಾಗ ಒಮ್ಮೀನೂ ಹೋಗಿಲ್ಲ". ಬಸ್ಸು ತಡವಾದರೆ ಅಲ್ಲಿಯ ಮೆಟ್ರೊ. ರಸ್ತೆಯ ಗುಂಡಿಯಂತೂ ಅವನಿಗೆ ವೈಯಕ್ತಿಕ ಅವಮಾನ. ಅಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದದ್ದು, ಮೇಸ್ತ್ರಿಯ ಬೈಗುಳ, ಊರ ಮದುವೆಗಳನ್ನೆಲ್ಲ ಫೋನಿನ ತೆರೆಯ ಮೇಲೆ ನೋಡಿದ್ದು, ಇವು ಯಾವುವೂ ದೊಡ್ಡ ಅಂಕಿಯಲ್ಲಿ ಬರುವುದಿಲ್ಲ.

ಬೆವರು ಸುರಿಸಿ ಮನೆ ಕಟ್ಟಿಸಿದವನನ್ನು, ತಂಗಿಯರ ಲಗ್ನ ಮಾಡಿದವನನ್ನು ಹೀಗೆ ನಗೆಪಾಟಲು ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ, ನಗುತ್ತಿರುವುದು ಬೆವರಿಗಲ್ಲ, ಗುಂಡಿ ಒತ್ತಲು ಬಾರದ ಬೆರಳಿಗೆ. ಆ ಬೆರಳು ಯಾಕೆ ಬಾರದೆಂದರೆ, ಅಲ್ಲಿ ಅವನಿಗೆ ಒಂದು ಟೈಮಿತ್ತು: ಬೆಳಿಗ್ಗೆ ನಾಲ್ಕಕ್ಕೆ ಅಲಾರಂ, ಐದಕ್ಕೆ ಕ್ಯಾಂಪಿನ ಬಸ್ಸು, ಹನ್ನೆರಡೂವರೆಗೆ ನೆರಳು. ಇಲ್ಲಿ ಎಲ್ಲವೂ "ನೋಡೋಣ ತಗೋರಿ". ಫೋನಿಗೆ ಈ ಕಷ್ಟವಿಲ್ಲ. ಫೋನಿನಲ್ಲೂ ಜಗತ್ತಿನ ಟೈಮೆಲ್ಲ ಇದೆ, ವಾಚು ಯಾಕೆ ಎನ್ನುವವರು ಇದನ್ನು ಗಮನಿಸಬೇಕು: ಫೋನು ಶಂಶಾಬಾದಿನಲ್ಲಿ ಆನ್ ಆದ ಕೂಡಲೇ ಯಾರನ್ನೂ ಕೇಳದೆ ದೀಡ್ ತಾಸು ಮುಂದೆ ಹಾರಿ, ಯಜಮಾನನಿಗಿಂತ ಮೊದಲೇ ಊರಿಗೆ ಮರಳಿರುತ್ತದೆ. ವಾಚು ಹೇಳುವವರೆಗೂ ಕದಲುವುದಿಲ್ಲ. ಇವನು ಅದನ್ನು ಬಿಚ್ಚದೆ ಇರುವುದು ಈ ಗುಣಕ್ಕೇ ಇರಬೇಕು.

ಕೊನೆಗೆ, ಈ ವಾಚಿನಿಂದ ಊರಿನ ವ್ಯವಹಾರ ಕೆಡುತ್ತದೆ, ಹನ್ನೊಂದಕ್ಕೆ ಬಾ ಎಂದರೆ ಹನ್ನೆರಡೂವರೆಗೆ ಬಂದು "ಅಲ್ಲಿ ಈಗ ಹನ್ನೊಂದು" ಎನ್ನುತ್ತಾನೆ ಎಂಬ ದೂರು ಉಳಿಯುತ್ತದೆ. ಬ್ಯಾಂಕು, ತಹಸೀಲ್ ಕಚೇರಿಗಳ ಮಟ್ಟಿಗೆ ದೂರು ಸರಿ ಇರಬಹುದು. ಅಲ್ಲಿಯೂ ಸಾಹೇಬರು ಅಷ್ಟೊತ್ತಿಗೆ ಸೀಟಿನಲ್ಲಿ ಇರುತ್ತಾರೆಂದು ಖಾತ್ರಿಯಿಲ್ಲ. ಆದರೆ ಮದುವೆಯನ್ನು ತಗೊಳ್ಳಿ. ಲಗ್ನಪತ್ರಿಕೆಯಲ್ಲಿ ಮಧ್ಯಾಹ್ನ 12.30ರ ಶುಭಮುಹೂರ್ತ ಎಂದು ಅಚ್ಚಾಗಿರುತ್ತದೆ. ಬ್ಯಾಂಡಿನವರು, ಬೀಗರು, ರಾಜಕಾರಣಿ, ಅವರ ಹಿಂದಿನ ಕಾರುಗಳು ಎಲ್ಲ ಬಂದು ಅಕ್ಷತೆ ಬೀಳುವುದು ಎರಡು ಗಂಟೆಗೆ. ದೀಡ್ ತಾಸಿನಿಂದ ಕಾದು ಆಕಳಿಸುತ್ತಿರುವ ಮಂಟಪದೊಳಗೆ ಆಗ ಒಬ್ಬನೇ ಒಬ್ಬ, ಅವಸರವಿಲ್ಲದೆ, ಇಸ್ತ್ರಿ ಮುರಿಯದ ಅಂಗಿಯಲ್ಲಿ, ಸರಿಯಾದ ಹೊತ್ತಿಗೆ ಕಾಲಿಡುತ್ತಾನೆ. ವಾಚಿನ ದೊಡ್ಡ ಅಂಕಿ 12.30. ಸೌದಿಯಿಂದ ಬಂದವನಿಗೆ ಮಾತ್ರ ಈ ಅನುಕೂಲವಿಲ್ಲ. ಅವನು ಮುಟ್ಟುವ ಹೊತ್ತಿಗೆ ಕೊನೆಯ ಪಂಗತಿ ಎದ್ದು, ಹುಗ್ಗಿಯ ಹಂಡೆ ತೊಳೆಯುತ್ತಿರುತ್ತಾರೆ.