ಸದನದೊಳಗಿನ ದನ

ನಮ್ಮ ಜನ ಮಳೆ ಬಂದರೆ ಕನ್ನಡದಲ್ಲಿ ಮಾತಾಡುತ್ತಾರೆ, ಬೆಳೆ ಹೋದರೆ ಕನ್ನಡದಲ್ಲಿ ಬೈಯುತ್ತಾರೆ. ಸರ್ಕಾರ ಬೀಳುತ್ತದೆ ಅಂತ ಸುದ್ದಿ ಹಬ್ಬಲಿ, ಎಲ್ಲರ ನಾಲಿಗೆಯ ಮೇಲೂ ಇಂಗ್ಲಿಷ್ ಎದ್ದು ಕೂರುತ್ತದೆ. 2019ರ ಜುಲೈ ನೆನಪಿದೆಯಲ್ಲ? ಮೈತ್ರಿ ಸರ್ಕಾರದ ಶಾಸಕರು ಮುಂಬೈ ಹೋಟೆಲು ಸೇರಿದ್ದೇ ತಡ, ಹಾಲಿನ ಡೇರಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಅರಳಿಕಟ್ಟೆಯಲ್ಲಿ ಒಂದೇ ಪಾಠ. ‘ವಿಪ್ ಕೊಟ್ಟವ್ರಂತೆ’, ‘ಫ್ಲೋರ್ ಟೆಸ್ಟ್ ಅಂತೆ’, ‘ಹೈಕಮಾಂಡ್ ಗರಂ ಆಗೈತಂತೆ’.

ಟೀವಿ ಮುಂದೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿದರು. “ಫ್ಲೋರ್ ಅಂದ್ರೆ ನಾವು ರಾಗಿ ಬೀಸಿಸ್ಕೊಂಬರೋ ಫ್ಲೋರ್ ಮಿಲ್ಲೇನೋ?”

“ಅಲ್ಲ ಅತ್ತೆ, ಅದು ವಿಧಾನಸಭೆಯ ನೆಲ.”

“ನೆಲ ಗಟ್ಟಿ ಐತೋ ಇಲ್ವೋ ನೋಡೋಕೆ ಒಬ್ಬ ಮೇಸ್ತ್ರಿ ಸಾಕಲ್ಲೋ. ಇಷ್ಟು ಜನ ಯಾಕೆ ಬಡಿದಾಡ್ತಾರೆ?”

ಹಾಗೆ ನೋಡಿದರೆ ಈ ನೆಲದ ಪರೀಕ್ಷೆಯನ್ನು ದೇಶಕ್ಕೆ ಗಟ್ಟಿಮಾಡಿಕೊಟ್ಟವರು ನಾವೇ. 1989ರ ಏಪ್ರಿಲ್‌ನಲ್ಲಿ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲೇ ಬಲ ತೋರಿಸುತ್ತೇನೆ ಅಂದರೂ ಕೇಳದೆ ಅವರ ಸರ್ಕಾರವನ್ನು ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು, ತಲೆ ಎಣಿಸುವ ಜಾಗ ರಾಜಭವನವಲ್ಲ, ಸದನ ಎಂದು ತೀರ್ಪಿತ್ತರು. ಅಷ್ಟರಲ್ಲಿ ಬೊಮ್ಮಾಯಿಯವರ ಕುರ್ಚಿ ಹೋಗಿ ಸುಮಾರು ಐದು ವರ್ಷವಾಗಿತ್ತು. ಕುರ್ಚಿ ಹೋದರೇನು, ಇವತ್ತಿಗೂ ಯಾವ ರಾಜ್ಯದ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ಎತ್ತುವುದು ಅವರ ಹೆಸರನ್ನೇ.

ನೆಲದ ಮಾತು ಇರಲಿ. ನನಗೆ ತಮಾಷೆ ಅನಿಸುವುದು ಆ ನೆಲದ ಮೇಲೆ ಓಡಾಡುವ ಪ್ರಾಣಿಗಳದ್ದು. ಇಂಗ್ಲಿಷಿನವರ ರಾಜಕೀಯದ ಮಾತುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಒಳಗೊಂದು ದನದ ಜಾತ್ರೆಯೇ ನೆರೆದಿರುತ್ತದೆ. ‘ಸದನ’ದೊಳಗೆ ದನ ಇರುವುದು ಕನ್ನಡದಲ್ಲಿ ಮಾತ್ರ ಅಂದುಕೊಂಡಿದ್ದೆ, ಅವರಲ್ಲಿ ನಾಯಿ, ಕುದುರೆ, ಬಾತುಕೋಳಿ ಎಲ್ಲವೂ ಇವೆ.

ವಿಪ್ಪನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಸಾಹೇಬರು ಕುದುರೆ ಏರಿ ನರಿ ಬೇಟೆಗೆ ಹೊರಟಾಗ, ಗುಂಪು ಬಿಟ್ಟು ಅತ್ತಿತ್ತ ಮೂಸುತ್ತಾ ಹೋಗುವ ಬೇಟೆನಾಯಿಗಳನ್ನು ಚಾಟಿ ಬೀಸಿ ಒಳಕ್ಕೆ ತರಲು ಒಬ್ಬ ಆಳು ಇರುತ್ತಿದ್ದ. ಆ ಆಳಿನ ಹೆಸರೇ ಪಾರ್ಲಿಮೆಂಟಿಗೆ ಬಂತು. ಅಂದರೆ ಚಾಟಿ ಹಿಡಿದವನು ಯಾರು ಅಂತ ಹೇಳಿದರು, ಅದು ಬೀಳುವುದು ಯಾರ ಮೇಲೆ ಅನ್ನುವುದನ್ನು ಮರ್ಯಾದೆಗೆ ಬಿಟ್ಟರು. ನಾವು ಇನ್ನೂ ಮರ್ಯಾದಸ್ತರು. ಚಾಟಿಯನ್ನು ಕಸಿದಿಟ್ಟುಕೊಂಡು ಆ ಆಳಿಗೆ ಸಂಸ್ಕೃತದ ಶಾಲು ಹೊದಿಸಿ ‘ಮುಖ್ಯ ಸಚೇತಕರು’ ಎಂದು ಕರೆದೆವು. ಕೇಳಿದರೆ ಯಾವುದೋ ಆಶ್ರಮದಿಂದ ಪ್ರವಚನಕ್ಕೆ ಬಂದವರ ಹಾಗಿದೆ.

ಹಾರ್ಸ್ ಟ್ರೇಡಿಂಗ್ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಪತ್ರಿಕೆಯವರು ಅದನ್ನು ಭಕ್ತಿಯಿಂದ ‘ಕುದುರೆ ವ್ಯಾಪಾರ’ ಅಂತ ಮಾಡಿಕೊಂಡರು. ನಮ್ಮ ರೈತ ಕುದುರೆ ಕೊಂಡದ್ದನ್ನು ಯಾರು ಕಂಡಿದ್ದಾರೆ? ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗಿ ನೋಡಿ. ದಲ್ಲಾಳಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದಕ್ಕೆ ಒಂದು ರೇಟು, ಬಾಯಿಗೂಡಿದ್ದಕ್ಕೆ ಇನ್ನೊಂದು. ಆಮೇಲೆ ಟವೆಲ್ ಮುಚ್ಚಿ, ಅದರಡಿ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ಜನ ನಿಂತಿರುತ್ತಾರೆ, ಯಾರಿಗೂ ಅಂಕಿ ಗೊತ್ತಾಗುವುದಿಲ್ಲ. ಮೊದಲ ಸಲ ಗೆದ್ದವರಿಗೆ ಎಷ್ಟು, ಮೂರನೇ ಸಲದವರಿಗೆ ಎಷ್ಟು ಅಂತ ಬೆರಳಲ್ಲೇ ಮುಗಿಸುವ ಇಂಥ ವಿದ್ಯೆ ಊರಲ್ಲೇ ಇರುವಾಗ ಸಾಹೇಬರ ಕುದುರೆ ಯಾಕೆ ಬೇಕಿತ್ತು? ರೆಸಾರ್ಟು ಅಂದರೂ ಅಷ್ಟೇ, ಟವೆಲ್ ಸ್ವಲ್ಪ ದೊಡ್ಡದು.

ಅಮೆರಿಕದವರು ಯಾರ ಮಾತೂ ಕೇಳದ ರಾಜಕಾರಣಿಯನ್ನು ‘ಮ್ಯಾವೆರಿಕ್’ ಅನ್ನುತ್ತಾರೆ. ಸ್ಯಾಮ್ಯುಯೆಲ್ ಮ್ಯಾವೆರಿಕ್ ಎಂಬ ಟೆಕ್ಸಸ್‌ನ ಜಮೀನ್ದಾರ ತನ್ನ ಕರುಗಳಿಗೆ ಮುದ್ರೆ ಹಾಕಿಸುತ್ತಿರಲಿಲ್ಲ. ಮುದ್ರೆಯಿಲ್ಲದ ದನ ಕಂಡರೆ ಅದು ಅವನದ್ದೇ ಅಂತ ಜನ ಶುರುಮಾಡಿದರು. ನಮ್ಮಲ್ಲಿ ಅಂಥ ಕರುವಿಗೆ ಪಕ್ಷೇತರ ಅಂತ ಹೆಸರು. 2008ರಲ್ಲಿ ಬಿಜೆಪಿ 110ಕ್ಕೆ ನಿಂತು, ಬಹುಮತಕ್ಕೆ ಮೂರು ಕಡಿಮೆ ಬಿದ್ದಾಗ ಐವರು ಪಕ್ಷೇತರರು ಕೈಹಿಡಿದರು, ಐವರೂ ಮಂತ್ರಿಗಳಾದರು. ಟೆಕ್ಸಸ್‌ನ ಕರು ಮುದ್ರೆಯಿಲ್ಲದೆ ಅಲೆದಾಡಿತು, ನಮ್ಮದಕ್ಕೆ ಕೆಂಪು ದೀಪದ ಕಾರು ಸಿಕ್ಕಿತು.

ಇನ್ನು ಎಲ್‌ಬ್ರಿಡ್ಜ್ ಗೆರ್ರಿ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲನಾಗಿದ್ದ ಈತ, ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳ ಗಡಿ ತಿರುಚಿದ ಮಸೂದೆಗೆ ಸಹಿ ಹಾಕಿದ. ಅದರಲ್ಲೊಂದು ಕ್ಷೇತ್ರ ನಕ್ಷೆಯಲ್ಲಿ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತು. ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಎರಡೂ ಹೆಸರು ಕೂಡಿಸಿ ‘ಗೆರ್ರಿಮ್ಯಾಂಡರ್’ ಅಂದಿತು. ಆ ವರ್ಷ ಗೆರ್ರಿ ಸೋತ, ಆದರೆ ರಾಜ್ಯದ ಸೆನೆಟ್ಟು ಅವನ ಪಕ್ಷಕ್ಕೇ ಉಳಿಯಿತು. ಮುಂದಿನ ವರ್ಷ ಆತ ಅಮೆರಿಕದ ಉಪಾಧ್ಯಕ್ಷನೇ ಆದ. ಹಲ್ಲಿ ಲೊಚಗುಟ್ಟಿದ್ದು ಶುಭಕ್ಕೇ ಇರಬೇಕು.

‘ಲೇಮ್ ಡಕ್’ ಎಂಬ ಕುಂಟು ಬಾತುಕೋಳಿ ಮೊದಲು ಲಂಡನ್ನಿನ ಷೇರುಪೇಟೆಯಲ್ಲಿ ಸಾಲ ತೀರಿಸಲಾಗದವನ ಅಡ್ಡಹೆಸರಾಗಿತ್ತು, ಅದನ್ನು ಬಿಟ್ಟುಬಿಡೋಣ. ಫಿಲಿಬಸ್ಟರ್ ಅನ್ನು ಬಿಡಲಾಗದು. ಅದು ಪ್ರಾಣಿಯಲ್ಲ, ಕಡಲುಗಳ್ಳ. ಮಾತಾಡಿ ಮಾತಾಡಿಯೇ ಮತದಾನವನ್ನು ಅಪಹರಿಸುವುದಕ್ಕೆ ಆ ಹೆಸರು ಬಿತ್ತು. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ಎಂಬ ಸೆನೆಟರ್ ನಾಗರಿಕ ಹಕ್ಕುಗಳ ಮಸೂದೆ ತಡೆಯಲು 24 ಗಂಟೆ 18 ನಿಮಿಷ ಮಾತಾಡಿದ, ಮಸೂದೆ ಪಾಸಾಯಿತು. ನಮ್ಮವರು ಒಬ್ಬನ ಗಂಟಲಿಗೇ ಅಷ್ಟು ಹೊರೆ ಹೊರಿಸಲಿಲ್ಲ. 2019ರ ಜುಲೈ 18ರಂದು ಮಂಡಿಸಿದ ವಿಶ್ವಾಸಮತದ ಮೇಲೆ ಸರದಿಯಲ್ಲಿ ಮಾತಾಡುತ್ತಾ 23ರವರೆಗೆ ಎಳೆದರು. ನಡುವೆ ರಾಜ್ಯಪಾಲರು ಕೊಟ್ಟ ಗಡುವುಗಳು ಬಂದು, ನಿಂತು, ಹೋದವು. ಕೊನೆಗೆ 99ಕ್ಕೆ 105, ಸರ್ಕಾರ ಬಿತ್ತು.

ಚಾಟಿಗೆ ಹಲ್ಲು ಬಂದದ್ದು 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದ. ಅದರಂತೆ 2019ರ ಆ ಜುಲೈನಲ್ಲೇ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರಿನಲ್ಲಿ ಉಪಚುನಾವಣೆ, ಫೆಬ್ರುವರಿಯಲ್ಲಿ ಅವರ ಪೈಕಿ ಹತ್ತು ಮಂದಿಯ ಪ್ರಮಾಣವಚನ. ಟೀವಿಯಲ್ಲಿ ಹೂಗುಚ್ಛ, ಹಾರ, ಕಾಲಿಗೆ ಬೀಳುವವರ ಸಾಲು.

“ಇವ್ರೆಲ್ಲ ಅನರ್ಹರು ಅಂದಿದ್ಯಲ್ಲೋ?” ಅಂದರು ಅತ್ತೆ.

“ಹೌದು ಅತ್ತೆ. ಈಗ ಸಚಿವರು.”

“ಹಂಗಾದ್ರೆ ನಿನ್ನ ತಮ್ಮನ್ನೂ ಒಂದ್ಸಲ ಅನರ್ಹ ಮಾಡಿಸೋಕಾಗತ್ತಾ ಕೇಳು. ಮೂರು ವರ್ಷದಿಂದ ಕೆಲ್ಸ ಇಲ್ದೆ ಕೂತವ್ನೆ.”